ಅಪ್ಪ ಲಾರಿ ಓಡಿಸಿದ ದಾರಿ: ಭದ್ರಾವತಿ, ಹರಿಹರ ಕಡೆಯವರು ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಭದ್ರಾವತಿಯ ಒಂದು ಚಿಕ್ಕ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ 26 ವರ್ಷ ಲಾರಿ ಓಡಿಸಿದರು. ಐರನ್ ಫ್ಯಾಕ್ಟರಿ, ಪೇಪರ್ ಮಿಲ್ಲು, ಎರಡರ ಮಾಲನ್ನೂ ಸಾಗಿಸಿದ್ದಾರೆ. ಆ ಕಂಪನಿ ಈಗ ಇಲ್ಲ. ಮಾಲೀಕರ ಮನೆಯವರು ಊರು ಬಿಟ್ಟು ಎಷ್ಟೋ ವರ್ಷವಾಯಿತು. ಅಪ್ಪನಿಗೆ ಈಗ 77. ಅವರ ನೆನಪುಗಳನ್ನು ಬರೆದಿಡಬೇಕು ಅಂತ ಆಸೆ. ಕೂರಿಸಿಕೊಂಡು ಕೇಳಿದರೆ "ಏನಮ್ಮ ಹೇಳೋದು, ಅವರು ಲೋಡ್ ಮಾಡ್ತಿದ್ರು, ನಾವು ಓಡಿಸ್ತಿದ್ವಿ" ಅಂತ ಎದ್ದು ಹೋಗುತ್ತಾರೆ. ಮನೆಯ ಹಿರಿಯರ ಹತ್ತಿರ ಇಂಥ ನೆನಪು ಕೇಳಿ ಬರೆದವರು ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಲಿ?

ಹರಿಹರದಿಂದ

ನೋಡಮ್ಮ, ನಾನು ಡ್ರೈವರ್ ಅಲ್ಲ. 1979ರಲ್ಲಿ ಹರಿಹರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಬುಕಿಂಗ್ ಕ್ಲರ್ಕ್ ಆಗಿ ಸೇರಿದೆ. ಆಗ ನನಗೆ 21. ಪಿ.ಬಿ. ರೋಡಿನ ಮೇಲೆ ಆಫೀಸು, ಹಿಂದೆ ಗೋಡೌನು. 19 ವರ್ಷ ಅಲ್ಲೇ ಇದ್ದೆ. ನಮ್ಮಣ್ಣ ಅದೇ ಕಂಪನಿಯಲ್ಲಿ ಡ್ರೈವರ್. ಅವನೂ ನಿಮ್ಮಪ್ಪನ ಹಾಗೇ, ಕೇಳಿದರೆ ಏನೂ ಹೇಳುತ್ತಿರಲಿಲ್ಲ.

ಕೇಳುವ ರೀತಿಯಲ್ಲೇ ತಪ್ಪಿದೆ ಅಂತ ನನಗೆ ತಡವಾಗಿ ಗೊತ್ತಾಯಿತು. "ಆಗ ಹೇಗಿತ್ತು?" ಅಂದರೆ ಯಾರು ಏನು ಹೇಳುತ್ತಾರೆ? ಒಂದು ದಿನ ಸುಮ್ನೆ ಒಂದು ಹಾಳೆ ತಗೊಂಡು ಅಣ್ಣನ ಮುಂದೆ ಕೂತೆ. "ಕಿರ್ಲೋಸ್ಕರ್ ಗೇಟು ದಾಟಿದ ಮೇಲೆ ಮೊದಲು ಎಲ್ಲಿ ನಿಲ್ಲಿಸ್ತಿದ್ದೆ?" ಅಂದೆ. "ದಾವಣಗೆರೆ. ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋಗ್ತಿದ್ವಿ" ಅಂದ. ಆಮೇಲೆ? ಚಿತ್ರದುರ್ಗದಲ್ಲಿ ನಿಲ್ಲಿಸುತ್ತಿರಲಿಲ್ಲ. ಹಿರಿಯೂರಿನಲ್ಲಿ ಊಟ. ಶಿರಾ ದಾಟಿ ಟೈರು ತಟ್ಟಿ ನೋಡುವುದು. ಹೀಗೆ ಊರಿಂದ ಊರಿಗೆ ಹೋಗುತ್ತಾ ಮೂರು ಗಂಟೆ ಮಾತಾಡಿದ. ಕೊಯಮತ್ತೂರು ಮುಟ್ಟುವ ಹೊತ್ತಿಗೆ ನಾನು ಹನ್ನೆರಡು ಪುಟ ಬರೆದಿದ್ದೆ. ಡ್ರೈವರುಗಳ ನೆನಪು ಇಸವಿಯ ಪ್ರಕಾರ ಕೂತಿರುವುದಿಲ್ಲ, ದಾರಿಯ ಪ್ರಕಾರ ಕೂತಿರುತ್ತದೆ. ನೀವೂ ದಾರಿ ಕೇಳಿ.

ಎರಡನೆಯದು, ಮಾಲು ಕೇಳಿ. ಒಂದೊಂದು ಕಾರ್ಖಾನೆಯ ಲೋಡಿಗೆ ಒಂದೊಂದು ಗುಣ. ನಮ್ಮಲ್ಲಿ ತುಂಗಭದ್ರಾ ಹೊಳೆಯ ಈಚೆ ಮೈಸೂರು ಕಿರ್ಲೋಸ್ಕರ್, 1941ರಿಂದ ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ಮಾಡುತ್ತಿದ್ದ ಕಾರ್ಖಾನೆ. ಹೊಳೆಯ ಆಚೆ ಕುಮಾರಪಟ್ಟಣದಲ್ಲಿ 1972ರಲ್ಲಿ ಶುರುವಾದ ಹರಿಹರ ಪಾಲಿಫೈಬರ್ಸ್. ಆಗ ಈಚೆ ದಡ ಚಿತ್ರದುರ್ಗ ಜಿಲ್ಲೆ, ಆಚೆ ದಡ ಧಾರವಾಡ ಜಿಲ್ಲೆ. ಪಾಲಿಫೈಬರ್ಸ್‌ಗೆ ನೀಲಗಿರಿ ಮರದ ತುಂಡು ತುಂಬಿದ ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. ಗಾಳಿ ಈ ಕಡೆ ಬೀಸಿದರೆ ಊರಿಗೆಲ್ಲ ವಾಸನೆ. ಹೊಳೆ ನೀರು ಕೆಟ್ಟಿದ್ದರ ಬಗ್ಗೆ ದೊಡ್ಡ ಹೋರಾಟವೇ ನಡೆಯಿತು. ಅನ್ನ ಕೊಟ್ಟ ಕಾರ್ಖಾನೆ ಅಂತ ಇದನ್ನು ಮುಚ್ಚಿಟ್ಟು ಬರೆಯಬೇಡಿ. ನಿಮ್ಮಪ್ಪ ಭದ್ರಾವತಿಯ ಹೊಳೆ ಬಗ್ಗೆ ಏನಾದರೂ ಹೇಳಿದರೆ ಅದನ್ನೂ ಬರೆದುಕೊಳ್ಳಿ.

ಲೇತ್ ಲೋಡು ಅಂದರೆ ನಮಗೆ ಎದೆ ಢವಢವ. ಒಂದು ಕಡೆ ಭಾರ ಜಾಸ್ತಿ, ಇನ್ನೊಂದು ಕಡೆ ಹಗುರ. ಹೊಳೆಯುವ ಭಾಗಕ್ಕೆಲ್ಲ ಗ್ರೀಸು ಬಳಿದು, ದಪ್ಪ ಮರದ ದಿಮ್ಮಿಗೆ ಬೋಲ್ಟ್ ಹಾಕಿ, ಮರದ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಫ್ಯಾಕ್ಟರಿಯೊಳಗೆ ಕ್ರೇನು ಎತ್ತಿ ಇಡುತ್ತಿತ್ತು, ಅದು ಸುಲಭ. ಇಳಿಸುವ ಕಡೆ ಕ್ರೇನು ಇರುತ್ತಿರಲಿಲ್ಲ. ಕೊಯಮತ್ತೂರಿನ ಸಣ್ಣ ವರ್ಕ್‌ಶಾಪುಗಳ ಮುಂದೆ ಹಲಗೆ ಇಳಿಜಾರು ಹಾಕಿ, ಪೈಪು ಉರುಳಿಸಿ, ಹಗ್ಗ ಹಿಡಿದು ಇಳಿಸುತ್ತಿದ್ದರು. ಒಂದು ಸಲ ಹಗ್ಗ ನೆನೆದಿತ್ತು. ಜಾರಿತು. ಒಬ್ಬ ಹಮಾಲಿಯ ಕಾಲಿನ ಮೇಲೆ ಪೆಟ್ಟಿಗೆ ಬಿತ್ತು. ಅವನ ಆಸ್ಪತ್ರೆ ಖರ್ಚಿನ ವೋಚರ್ ಬರೆದವನು ನಾನು. ಅದರಲ್ಲಿದ್ದ ಮೊತ್ತ ಎಷ್ಟು ಕಡಿಮೆ ಅನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಭದ್ರಾವತಿಯದು ಬೇರೆ ಲೆಕ್ಕ. ಅಲ್ಲಿ 1923ರಿಂದ ಕಬ್ಬಿಣ, 1936ರಲ್ಲಿ ಹುಟ್ಟಿದ ಪೇಪರ್ ಮಿಲ್ಲು. ಕಬ್ಬಿಣದ ಸಲಾಕೆ ಹತ್ತು ಟನ್ ಹಾಕಿದರೂ ಲಾರಿಯ ಬಾಡಿ ಖಾಲಿ ಇದ್ದಂತೆ ಕಾಣುತ್ತದೆ. ತಳದಲ್ಲಿ ಒಂದಿಷ್ಟು, ಅಷ್ಟೇ. ನೋಡಿದವರು ಅರ್ಧ ಲೋಡು ಅಂದುಕೊಳ್ಳುತ್ತಾರೆ, ಆದರೆ ಕೆಳಗೆ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಚಪ್ಪಟೆಯಾಗಿರುತ್ತದೆ. ಬ್ರೇಕ್ ಜೋರಾಗಿ ಒತ್ತಿದರೆ ಸಲಾಕೆ ಕ್ಯಾಬಿನ್ ಕಡೆಗೆ ನುಗ್ಗುತ್ತದೆ ಅನ್ನುವ ಭಯ ಬೇರೆ. ಕಾಗದದ ರೀಲು ಇದಕ್ಕೆ ಉಲ್ಟಾ. ಕಬ್ಬಿಣಕ್ಕೆ ಮಳೆಯಿಂದ ಒಂದು ರಾತ್ರಿಯಲ್ಲಿ ಏನೂ ಆಗದು. ರೀಲಿಗೆ ಒಂದು ಬಕೆಟ್ ನೀರು ಸಾಕು. ಅಂಚು ಉಬ್ಬಿದರೆ ಪ್ರೆಸ್ಸಿನವರು ವಾಪಸ್ ಕಳಿಸುತ್ತಾರೆ. ಉರುಳದ ಹಾಗೆ ಎರಡೂ ಕಡೆ ಮರದ ಆಪು ಕೊಟ್ಟು, ಮೇಲೆ ತಾಡಪಾಲು ಎರಡು ಪದರ. ಹಮಾಲಿಗಳು ಮಾಲು ಎಳೆಯುವ ಕಬ್ಬಿಣದ ಕೊಂಡಿ ಮುಟ್ಟುವ ಹಾಗೇ ಇರಲಿಲ್ಲ. ನಿಮ್ಮಪ್ಪನನ್ನು "ತಾಡಪಾಲು ಹೇಗೆ ಕಟ್ತಿದ್ರಿ?" ಅಂತ ಕೇಳಿ ನೋಡಿ. ಬಾಯಲ್ಲಿ ಹೇಳುವುದಿಲ್ಲ, ಕೈಯಲ್ಲಿ ಮಾಡಿ ತೋರಿಸುತ್ತಾರೆ. ಅದನ್ನು ವಿಡಿಯೊ ಮಾಡಿಕೊಳ್ಳಿ.

ಲಾರಿಯ ಬಗ್ಗೆಯೂ ಕೇಳಿ. ಟಾಟಾ 1210 ಇತ್ತಾ, ಲೇಲ್ಯಾಂಡ್ ಕಾಮೆಟ್ ಇತ್ತಾ? ಪವರ್ ಸ್ಟೇರಿಂಗ್ ಇಲ್ಲದ ಕಾಲ. ಎಂಜಿನ್ ಶಾಖವೆಲ್ಲ ಕ್ಯಾಬಿನ್ ಒಳಗೇ. ಯಾವ ಗಾಡಿಯಲ್ಲಿ ಘಾಟಿ ಹತ್ತುವುದು ಸುಲಭ ಅಂತ ಕೇಳಿದರೆ ಒಬ್ಬೊಬ್ಬ ಡ್ರೈವರ್‌ಗೂ ಒಂದೊಂದು ಹಟ ಇರುತ್ತದೆ. ಸತ್ಯಮಂಗಲದ ಕಡೆ ದಿಂಬಂ ಘಾಟಿಯಲ್ಲಿ 27 ತಿರುವು. ಪ್ರತಿ ತಿರುವಿನಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸಬೇಕು. ಕ್ಲೀನರ್ ಹುಡುಗ ಕೈಯಲ್ಲಿ ಮರದ ಆಪು ಹಿಡಿದು ಹಿಂದಿನ ಚಕ್ರದ ಪಕ್ಕದಲ್ಲೇ ನಡೆಯಬೇಕು. ನಿಮ್ಮಪ್ಪ ಮಂಗಳೂರು ಬಂದರಿಗೆ ಹೋಗಿದ್ದರೆ ತರೀಕೆರೆ, ಕಡೂರು, ಅರಸೀಕೆರೆ, ಹಾಸನ, ಸಕಲೇಶಪುರ ಅಂತ ಶಿರಾಡಿ ಇಳಿದಿರುತ್ತಾರೆ. ಗುಂಡ್ಯದಲ್ಲಿ ಟೀ ಕುಡಿದಿರುತ್ತಾರೆ.

ಈಗ ಕಾಗದಪತ್ರ. ಕಂಪನಿ ಹೋದರೂ ಅದರ ಚೀಟಿ ಎಲ್ಲೋ ಉಳಿದಿರುತ್ತದೆ. ಮಾಲು ಬುಕ್ ಮಾಡಿದ್ದಕ್ಕೆ ಕೊಡುವ ರಸೀದಿಗೆ ನಾವು ಎಲ್.ಆರ್., ಅಂದರೆ ಲಾರಿ ರಸೀದಿ, ಅನ್ನುತ್ತಿದ್ದೆವು, ಉತ್ತರದ ಕಡೆಯವರು ಬಿಲ್ಟಿ ಅನ್ನುತ್ತಾರೆ. ಕಾರ್ಬನ್ ಇಟ್ಟು ಮೂರು ನಾಲ್ಕು ಪ್ರತಿ. ಮಾಲು ಕಳಿಸಿದವರಿಗೊಂದು, ಪಡೆಯುವವರಿಗೊಂದು, ಲಾರಿ ಜೊತೆಗೊಂದು, ಆಫೀಸಿಗೊಂದು. ಬಾಡಿಗೆ ಯಾರು ಕೊಡಬೇಕು ಅನ್ನುವುದಕ್ಕೆ 'ಪೇಯ್ಡ್' (ಕಳಿಸಿದವರೇ ಕೊಟ್ಟಾಗಿದೆ) ಇಲ್ಲವೇ 'ಟು ಪೇ' (ಪಡೆಯುವವರು ಕೊಡಬೇಕು) ಅಂತ ಬರೆಯುತ್ತಿದ್ದೆವು. ಎಷ್ಟೋ ಸಲ ಮಾಲು ಪಡೆಯುವವರು ಬ್ಯಾಂಕಿಗೆ ದುಡ್ಡು ಕಟ್ಟಿದ ಮೇಲೇ ಅವರಿಗೆ ಎಲ್.ಆರ್. ಸಿಗುತ್ತಿತ್ತು, ಆಮೇಲೇ ಮಾಲು. ಇಳಿಸಿದ ಮೇಲೆ ಸೀಲು ಹಾಕಿಸಿದ ಪ್ರತಿ ವಾಪಸ್ ತರದಿದ್ದರೆ ಉಳಿದ ಬಾಡಿಗೆ ಸಿಗುವುದಿಲ್ಲ. ಹಾಗಾಗಿ ಡ್ರೈವರುಗಳು ಚೀಟಿಯನ್ನು ಪ್ರಾಣದಂತೆ ಇಟ್ಟುಕೊಳ್ಳುತ್ತಿದ್ದರು. ಅಪ್ಪನ ಹಳೇ ಟ್ರಂಕು, ಹಳೇ ಲೈಸೆನ್ಸ್ ಕವರು, ಅಮ್ಮನ ಸೀರೆ ಬೀರುವಿನ ತಳ, ಎಲ್ಲ ನೋಡಿ. ವರ್ಷದ ಪಿ.ಎಫ್. ಚೀಟಿ ಸಿಕ್ಕರೆ ಕಂಪನಿಯ ಸರಿಯಾದ ಹೆಸರು ಸಿಗುತ್ತದೆ.

ಇಸವಿ ನೆನಪಾಗದಿದ್ದರೆ ಹೀಗೆ ಕೇಳಿ. ಊರೊಳಗೆ ಬರುವ ಮಾಲಿಗೆ ಊರ ಬಾಯಲ್ಲಿ ಜಕಾತಿ (ಆಕ್ಟ್ರಾಯ್) ಕಟ್ಟುವ ನಾಕಾ ಇದ್ದಾಗಲೋ, ತೆಗೆದ ಮೇಲೋ? ನಮ್ಮ ರಾಜ್ಯದಲ್ಲಿ ಆಕ್ಟ್ರಾಯ್ ಹೋಗಿದ್ದು ನಾನು ಕೆಲಸಕ್ಕೆ ಸೇರಿದ 1979ರಲ್ಲೇ. ಗಾಡಿ ನಂಬರು ಕೆ.ಎ. ಅಂತ ಇತ್ತೋ, ಹಳೇ ಮೂರು ಅಕ್ಷರದ್ದೋ? ಕೆ.ಎ. ಬಂದಿದ್ದು 1989ರಲ್ಲಿ. ಈ ಎರಡು ಗೆರೆ ಹಾಕಿಕೊಂಡರೆ ಎಷ್ಟೋ ಸಂಗತಿ ತಾನಾಗಿ ಸಾಲಿಗೆ ಬರುತ್ತದೆ.

ಇನ್ನೊಂದು ಮಾತು, ಬಹಳ ಮುಖ್ಯ. 26 ವರ್ಷ ರಸ್ತೆಯ ಮೇಲೆ ಇದ್ದವರು ನೋಡಬಾರದ್ದನ್ನು ನೋಡಿರುತ್ತಾರೆ. ನಮ್ಮಣ್ಣ ಶಿರಾ ಹತ್ತಿರದ ಒಂದು ರಾತ್ರಿಯ ಬಗ್ಗೆ ಮಾತು ಬಂದಾಗ ಎದ್ದು ಹೊರಗೆ ಹೋದ. ಮತ್ತೆ ಕೇಳಲಿಲ್ಲ. ನೀವೂ ಒತ್ತಾಯ ಮಾಡಬೇಡಿ. ಅಣ್ಣ ಈಗ ಇಲ್ಲ. ಆ ಹನ್ನೆರಡು ಪುಟ ಇದೆ.

ಗದಗಿನಿಂದ

ಹರಿಹರದ ಹಿರಿಯರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನಮ್ಮವ್ವ ಇಲ್ಲಿ ಖಾನಾವಳಿ ನಡೆಸುತ್ತಿದ್ದಳು. ಡ್ರೈವರುಗಳು, ಹಮಾಲರು, ಜಿನ್ನಿಂಗ್ ಫ್ಯಾಕ್ಟರಿಯವರು, ಎಲ್ಲರೂ ಊಟಕ್ಕೆ ಬರುತ್ತಿದ್ದರು. ಹತ್ತಿ ಸುಗ್ಗಿಯಲ್ಲಿ ರಾತ್ರಿ ಹನ್ನೊಂದಕ್ಕೂ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿರಲಿಲ್ಲ. ಹತ್ತಿ ಅಂಡಿಗೆ (ಮೂಟೆ) ಹೇರಿದ ಲಾರಿ ಓಣಿಯಲ್ಲಿ ಬಂದರೆ ಎರಡೂ ಬದಿಯ ಮನೆಗಳ ಮಾಳಿಗೆಗೆ ತಾಗುತ್ತಿತ್ತು.

ವಿ.ಆರ್.ಎಲ್. ಸಾರಿಗೆ ಕಂಪನಿಯ ವಿಜಯ ಸಂಕೇಶ್ವರ ಅವರು 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ್ದು ನಮ್ಮ ಗದಗಿನಲ್ಲೇ. ಅದು ಎಲ್ಲರಿಗೂ ಗೊತ್ತು, ನಮಗೆಲ್ಲ ಹೆಮ್ಮೆಯೂ ಹೌದು. ಆದರೆ ಆ ಕಾಲದಲ್ಲಿ ಒಂದು, ಎರಡು, ಮೂರು ಲಾರಿ ಇಟ್ಟುಕೊಂಡವರು ಇನ್ನೂ ಎಷ್ಟೋ ಮಂದಿ ಇದ್ದರು. ಅವರ ಹೆಸರು ಎಲ್ಲೂ ಇಲ್ಲ.

ಅವ್ವನ ಉದ್ರಿ ಪುಸ್ತಕದಲ್ಲಿ ಇವೆ! ಅವ್ವ ತೀರಿಕೊಂಡ ಮೇಲೆ ಗೂಡಿನಲ್ಲಿ ಏಳು ಪುಸ್ತಕ ಸಿಕ್ಕವು. ಅವಳು ಡ್ರೈವರುಗಳ ಹೆಸರು ಬರೆಯುತ್ತಿರಲಿಲ್ಲ, ಅವರ ಕಂಪನಿ ಹೆಸರು, ಗಾಡಿ ನಂಬರು ಬರೆಯುತ್ತಿದ್ದಳು. ಪಕ್ಕದಲ್ಲಿ ತಾರೀಖು, ಎಷ್ಟು ಊಟ, ಎಷ್ಟು ಬಾಕಿ. ಹಾಗೆ ನೋಡುತ್ತಾ ಹೋದರೆ ಯಾವ ಕಂಪನಿ ಯಾವ ವರ್ಷ ಬಂತು, ಯಾವಾಗ ಬರುವುದು ನಿಂತಿತು ಅಂತ ಗೊತ್ತಾಗುತ್ತದೆ. ಅಕ್ಕಾ, ನಿಮ್ಮ ತಂದೆ ಊಟ ಮಾಡುತ್ತಿದ್ದ ಹೋಟೆಲುಗಳನ್ನು ಹುಡುಕಿ. ಪಂಕ್ಚರ್ ಅಂಗಡಿ, ಬಾಡಿ ಕಟ್ಟುವವರು, ಪೆಟ್ರೋಲ್ ಬಂಕು, ಇವರ ಹತ್ತಿರವೂ ಹಳೇ ಪುಸ್ತಕ ಇರಬಹುದು. ಕಂಪನಿಯ ದಾಖಲೆ ಕಂಪನಿಯಲ್ಲೇ ಸಿಗಬೇಕು ಅಂತ ಏನಿಲ್ಲ.

ಮಂಗಳೂರಿನಿಂದ

ನಮ್ಮಲ್ಲಿ ಹಂಚಿನ ಲಾರಿಗಳು. ಬಾಸೆಲ್ ಮಿಷನ್‌ನವರ ಮೊದಲ ಹಂಚಿನ ಕಾರ್ಖಾನೆ 1865ರದ್ದು. ನನ್ನ ಮಾವ ಹಂಚು ತುಂಬಿಕೊಂಡು ಘಟ್ಟ ಹತ್ತಿ ಹಾಸನ, ಚಿಕ್ಕಮಗಳೂರಿಗೆ ಹೋಗುತ್ತಿದ್ದರು. ಹಂಚನ್ನು ಮಲಗಿಸುವುದಿಲ್ಲ, ನಿಲ್ಲಿಸಿ ನಡುವೆ ಬೈಹುಲ್ಲು ತುಂಬುತ್ತಾರೆ. ಗುಂಡಿ ಬಂದಾಗ ಹಿಂದಿನಿಂದ ಬರುವ ಸದ್ದು ಕೇಳಿಯೇ ಎಷ್ಟು ಒಡೆಯಿತು ಅಂತ ಹೇಳುತ್ತಿದ್ದರಂತೆ. ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚು ಒತ್ತಿರುತ್ತದೆ. ಘಟ್ಟದ ಮೇಲೆ ಹಳೇ ಮನೆ ಕಂಡರೆ ನಾನು ಈಗಲೂ ಹಂಚು ತಿರುಗಿಸಿ ನೋಡುತ್ತೇನೆ. ಕಾರ್ಖಾನೆ ಹೆಸರು ಇರುತ್ತದೆ. ತಂದವರ ಹೆಸರು ಇರುವುದಿಲ್ಲ, ಅಲ್ವಾ? ಅದಕ್ಕೇ ನೀವು ಮಾಡುವ ಕೆಲಸ ನನಗೆ ತುಂಬಾ ಇಷ್ಟವಾಯಿತು.

ದಾವಣಗೆರೆಯಿಂದ

ಒಂದೇ ಸಲಹೆ. ಆಯುಧ ಪೂಜೆಯ ಫೋಟೊ ಹುಡುಕಿ. ಆಗ ಲಾರಿ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದದ್ದು ಅವತ್ತು ಮಾತ್ರ. ಬಾಳೆಕಂದು, ಚೆಂಡುಹೂವು ಕಟ್ಟಿ, ಕುಂಬಳಕಾಯಿ ಒಡೆದು, ಮಾಲೀಕರು, ಡ್ರೈವರ್, ಕ್ಲೀನರ್, ಹಮಾಲಿ ಎಲ್ಲ ಒಂದೇ ಫೋಟೊದಲ್ಲಿ ಇರುತ್ತಿದ್ದರು. ನಮ್ಮ ತಂದೆಯ ಕಂಪನಿಯ ಹೆಸರು ನಮಗೆ ಸಿಕ್ಕಿದ್ದು ಅಂಥ ಫೋಟೊದಲ್ಲಿ, ಲಾರಿಯ ಹಣೆಯ ಮೇಲೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಅಪ್ಪನ ಜೊತೆ ಕ್ಲೀನರ್ ಆಗಿದ್ದವರ ಮನೆಯಲ್ಲಿ ಕೇಳಿ. ಅವರು ವಯಸ್ಸಿನಲ್ಲಿ ಚಿಕ್ಕವರು, ನೆನಪೂ ಚೆನ್ನಾಗಿರುತ್ತದೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರದ ನಂತರ

ಎಲ್ಲರಿಗೂ ಧನ್ಯವಾದ. ಹರಿಹರದ ಸರ್, ನೀವು ಹೇಳಿದ ಹಾಗೇ ಮಾಡಿದೆ. ಮನೆಯಲ್ಲಿ ಕೂತು ಕೇಳುವುದು ಬಿಟ್ಟು, ಅಪ್ಪನನ್ನು ಕಾರಿನಲ್ಲಿ ಮುಂದೆ ಕೂರಿಸಿಕೊಂಡು ಪೇಪರ್ ಟೌನಿನಿಂದ ಹೊರಟೆ. ಮಿಲ್ಲಿನ ಗೇಟಿನ ಹತ್ತಿರ ನಿಲ್ಲಿಸು ಅಂದರು. 2015ರಲ್ಲಿ ಉತ್ಪಾದನೆ ನಿಂತ ಮೇಲೆ ಅವರು ಆ ಕಡೆ ಹೋಗಿರಲೇ ಇಲ್ಲ. ಇಳಿಯಲಿಲ್ಲ. "ಇಲ್ಲಿಂದ ಅಲ್ಲಿವರೆಗೂ ಗಾಡಿ ನಿಲ್ತಿದ್ವು" ಅಂತ ಕೈ ತೋರಿಸಿದರು. ಮರದ ತುಂಡಿನ ಲಾರಿಗಳು ಎಡಕ್ಕೆ, ರೀಲು ತುಂಬಿಸಿಕೊಳ್ಳುವವು ಬಲಕ್ಕೆ. ಸರದಿ ಬರಲು ಒಮ್ಮೊಮ್ಮೆ ಎರಡು ದಿನ. ಲಾರಿ ಕೆಳಗೇ ನಿದ್ದೆ, ಅಲ್ಲೇ ಸ್ಟೌ ಹಚ್ಚಿ ಅಡುಗೆ.

ತರೀಕೆರೆವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಮಾತು. ಕಂಪನಿಯಲ್ಲಿದ್ದದ್ದು ಏಳು ಲಾರಿ, ಏಳರ ನಂಬರೂ ಬಾಯಿಪಾಠ ಹೇಳಿದರು. ನಾನು ಹುಟ್ಟಿದ ದಿನ ಅವರು ಶಿರಾಡಿಯಲ್ಲಿ ಇದ್ದರಂತೆ, ಮುಂದೆ ಮರ ಬಿದ್ದು ದಾರಿ ಕಟ್ಟಿತ್ತಂತೆ. ಹಾಸನಕ್ಕೆ ಬಂದು ಟ್ರಂಕ್ ಕಾಲ್ ಮಾಡಿದಾಗಲೇ ಮಗಳು ಅಂತ ಗೊತ್ತಾಗಿದ್ದು. ಇದನ್ನು ನಲವತ್ತು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಮನೆಗೆ ಬಂದ ಮೇಲೆ ಹೊದಿಕೆ ಮಡಿಸುತ್ತಿದ್ದರು. "ತಾಡಪಾಲು ಹೀಗೇನಾ ಮಡಿಸೋದು?" ಅಂದೆ. "ಅಲ್ಲ, ಬಾ ಇಲ್ಲಿ, ಆ ತುದಿ ಹಿಡ್ಕೋ" ಅಂದರು. ವಿಡಿಯೊ ಮಾಡಲು ಆಗಲಿಲ್ಲ, ನನ್ನ ಎರಡೂ ಕೈ ಹೊದಿಕೆಯಲ್ಲಿತ್ತು.

ಈಗ ಒಂದು ಸಹಾಯ ಬೇಕು. ಕಡೂರು ದಾಟಿ ಅರಸೀಕೆರೆ ಕಡೆ ಹೋಗುವಾಗ ರಸ್ತೆಯ ಬಲಕ್ಕೆ ದೊಡ್ಡ ಹುಣಸೆಮರ, ಅದರ ಕೆಳಗೆ ಒಬ್ಬ ಅಜ್ಜಿಯ ಇಡ್ಲಿ ಅಂಗಡಿ ಇತ್ತಂತೆ. ಬೆಳಗಿನ ಜಾವ ನಾಲ್ಕಕ್ಕೇ ಒಲೆ ಹಚ್ಚುತ್ತಿದ್ದರಂತೆ. 1980ರ ಆಸುಪಾಸು. ಅಪ್ಪ ಅವರಿಗೆ ಹನ್ನೆರಡು ರೂಪಾಯಿ ಬಾಕಿ ಕೊಡಬೇಕಿತ್ತು ಅನ್ನುತ್ತಿದ್ದಾರೆ. ಆ ಕಡೆಯವರು ಯಾರಿಗಾದರೂ ಆ ಅಂಗಡಿ, ಆ ಮನೆಯವರು ಗೊತ್ತಾ?