ಮಂಡಕ್ಕಿ ಭಟ್ಟಿಯನ್ನು ರಾತ್ರಿಯಿಡೀ ಲೈವ್ ತೋರಿಸಿದರೆ ಜನ ನೋಡ್ತಾರಾ?

ದಾವಣಗೆರೆ ವಿಡಿಯೋದವನು:
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶದ ವಿಡಿಯೋ ಮಾಡುವವನು. ನಾರ್ವೆಯಲ್ಲಿ ನಮ್ಮ ದೂರದರ್ಶನದ ಥರ ಎನ್‌ಆರ್‌ಕೆ ಅಂತ ಇದೆ. ಬರ್ಗೆನ್ ರೈಲು ಮಾರ್ಗಕ್ಕೆ ನೂರು ವರ್ಷ ತುಂಬಿದಾಗ, 2009ರಲ್ಲಿ, ಬರ್ಗೆನ್‌ನಿಂದ ಓಸ್ಲೊವರೆಗಿನ ಇಡೀ ಪ್ರಯಾಣವನ್ನು ತೋರಿಸಿದರು. ಏಳು ಗಂಟೆಗೂ ಜಾಸ್ತಿ! ಜಗಳ ಇಲ್ಲ, ಎಲಿಮಿನೇಷನ್ ಇಲ್ಲ. ಐವತ್ತು ಲಕ್ಷವೂ ಜನ ಇಲ್ಲದ ದೇಶದಲ್ಲಿ ಸುಮಾರು 12 ಲಕ್ಷ ಜನ ಸ್ವಲ್ಪ ಹೊತ್ತಾದರೂ ನೋಡಿದರು. ಇಂಥ ಕಾರ್ಯಕ್ರಮಕ್ಕೇ ಈಗ ಸ್ಲೋ ಟಿವಿ ಅಂತಾರೆ.

ಅದನ್ನು ನೋಡಿದಾಗಿನಿಂದ ನಮ್ಮೂರ ಮಂಡಕ್ಕಿ ಭಟ್ಟಿ ತಲೆಯಲ್ಲಿ ಕೂತಿದೆ. ಕಾದ ಮರಳಿಗೆ ಅಕ್ಕಿ ಬೀಳುತ್ತಿದ್ದ ಹಾಗೇ ಚಟಪಟ ಅಂತ ಅರಳುತ್ತೆ. ಜರಡಿ ಆಡಿಸಿದರೆ ಮರಳು ಕೆಳಗೆ, ಬೆಳ್ಳಗಿನ ಮಂಡಕ್ಕಿ ಮೇಲೆ. ಬೆಂಕಿ ಮುಂದೆ ನಿಂತವರ ಕೈ ಒಂದೇ ಲಯದಲ್ಲಿ ಓಡುತ್ತಿರುತ್ತೆ. ಮದುವೆ ವಿಡಿಯೋದಲ್ಲಿ ಎಲ್ಲವನ್ನೂ ತುಂಡು ತುಂಡು ಮಾಡುವ ನನಗೆ, ಒಂದು ಕೆಲಸವನ್ನು ಅದರ ಪೂರ್ತಿ ಹೊತ್ತು ತೋರಿಸಬೇಕು ಅಂತ ಆಸೆ. ಯೂಟ್ಯೂಬ್‌ನಲ್ಲಿ ಬಿಟ್ಟರೆ ನಡೆಯುತ್ತಾ?

ದುರ್ಗದ ಮೇಷ್ಟ್ರು:
ಖಂಡಿತ ಮಾಡಿ. ಆದರೆ ಒಂದು ವಿಷಯ: ಆ ರೈಲಿನದು ಲೈವ್ ಅಲ್ಲ. ಮೊದಲೇ ಚಿತ್ರೀಕರಿಸಿದ್ದು. ಹಲವು ಕ್ಯಾಮೆರಾ ಇದ್ದವು. ಸುರಂಗ ಬಂದಾಗ ಹಳೇ ತುಣುಕು, ಸಂದರ್ಶನ ಹಾಕಿದರು. ಲೈವ್ ಮಾಡಿದ್ದು 2011ರಲ್ಲಿ, ಹುರ್ಟಿಗ್ರುಟನ್ ಹಡಗಿನಲ್ಲಿ, ಬರ್ಗೆನ್‌ನಿಂದ ಶಿರ್ಕೆನೆಸ್‌ವರೆಗೆ 134 ಗಂಟೆ. ಹಡಗು ತಮ್ಮೂರಿಗೆ ಬರುವ ಹೊತ್ತು ನೋಡಿಕೊಂಡು ಜನ ಬಾವುಟ ಹಿಡಿದು ದಡಕ್ಕೆ ಬಂದರು. ಟಿವಿ ನೋಡುವವರೇ ಟಿವಿಯೊಳಗೆ ಬಂದುಬಿಟ್ಟರು. ನೀವೂ ಸಮಯ ಮೊದಲೇ ಹೇಳಿ, ಓಣಿಯ ಜನ ಬರಲಿ.

ಹರಿಹರದ ಜಯಕ್ಕ:
ಮಗಳು ಸ್ವೀಡನ್ನಿನಲ್ಲಿದ್ದಾಳೆ. ಅಲ್ಲಿನ ಸಾರ್ವಜನಿಕ ಟಿವಿ ಎಸ್‌ವಿಟಿಯವರು 2019ರಿಂದ ಪ್ರತಿ ವಸಂತದಲ್ಲಿ ಮೂಸ್‌ಗಳು ಓಂಗೆರ್ಮನ್ ನದಿ ದಾಟುವುದನ್ನು ಹಗಲು ರಾತ್ರಿ ತೋರಿಸ್ತಾರೆ. ಮೂಸ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ ಜಾತಿ. ಗಂಟೆಗಟ್ಟಲೆ ಬರೀ ನೀರು, ಮರ. ಮಗಳು ಅಡುಗೆ ಮಾಡ್ತಾ ಹಾಕಿಟ್ಟಿರ್ತಾಳೆ, ಒಂದು ಪ್ರಾಣಿ ನೀರಿಗಿಳಿದರೆ ಓಡಿ ಬರ್ತಾಳೆ. ತಮ್ಮಾ, ಜನ ಕಣ್ಣು ಮಿಟುಕಿಸದೆ ನೋಡಲಿ ಅಂತ ಬಯಸಬೇಡ. ಮನೆಯಲ್ಲಿ ಅದು ಓಡುತ್ತಿದ್ದರೆ ಸಾಕು. ಇನ್ನೊಂದು, ಎಸ್‌ವಿಟಿ ನಡೆಯೋದು ಜನರ ತೆರಿಗೆ ದುಡ್ಡಿನಲ್ಲಿ, ಜಾಹೀರಾತು ಹಿಡಿಯುವ ಒತ್ತಡ ಇಲ್ಲ. ನಿನ್ನ ಖರ್ಚು ಯಾರು ಕೊಡ್ತಾರೆ ಅಂತ ಮೊದಲು ಲೆಕ್ಕ ಹಾಕು.

ಕೇಬಲ್ ಹುಡುಗ:
ಅಣ್ಣ, ಅದೇ ಎಸ್‌ವಿಟಿಯಲ್ಲೇ 1997ರಲ್ಲಿ ಎಕ್ಸ್‌ಪೆಡಿಷನ್ ರಾಬಿನ್ಸನ್ ಬಂದಿದ್ದು. ದ್ವೀಪದಲ್ಲಿ ಬಿಟ್ಟು, ಮತ ಹಾಕಿ ಒಬ್ಬೊಬ್ಬರನ್ನೇ ಹೊರಗೆ ಹಾಕೋದು. ಐಡಿಯಾ ಬ್ರಿಟನ್ನಿನ ಚಾರ್ಲಿ ಪಾರ್ಸನ್ಸ್ ಅವರದು. ಸ್ವೀಡನ್ನಿನಲ್ಲಿ ಗೆದ್ದ ಮೇಲೆ 2000ದಲ್ಲಿ ಅಮೆರಿಕಕ್ಕೆ ಸರ್ವೈವರ್ ಆಗಿ ಹೋಯಿತು. ಸ್ವೀಡನ್ನಿನ ಸ್ಟ್ರಿಕ್ಸ್ ಕಂಪನಿಯವರದೇ ಫಾರ್ಮೆನ್, ಹಳೇ ಕಾಲದ ಥರ ಹೊಲಮನೆ ಮಾಡಿಸುವ ಶೋ. ಅದೂ ದೇಶ ದೇಶಕ್ಕೆ ಹೋಯಿತು. ನಮ್ಮಲ್ಲೂ ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು ಎಷ್ಟು ಓಡಿತು ನೋಡಿ. ಪೈಪೋಟಿ ಬೇಕೇ ಬೇಕು. ಎರಡು ಭಟ್ಟಿಗೆ ಸ್ಪರ್ಧೆ ಇಡಿ.

ದಾವಣಗೆರೆ ವಿಡಿಯೋದವನು:
ಸ್ಪರ್ಧೆ ಬೇಡಪ್ಪ. ಆ ಬಿಸಿಯಲ್ಲಿ ದುಡಿಯುವವರನ್ನು ಓಡಿಸಿ ನಾನು ವ್ಯೂಸ್ ಗಳಿಸೋದು ಸರಿಯಲ್ಲ. ಅವರು ಒಪ್ಪಿದರೆ ಮಾತ್ರ ಕ್ಯಾಮೆರಾ, ಆ ರಾತ್ರಿಯ ಕೂಲಿ ನಾನೂ ಕೊಡ್ತೀನಿ. ಜಯಕ್ಕಾ, ಖರ್ಚಿಗೆ ಈ ಸೀಸನ್ನಿನ ಮದುವೆ ದುಡ್ಡಿನಲ್ಲಿ ಎತ್ತಿಡ್ತೀನಿ.

ದುರ್ಗದ ಮೇಷ್ಟ್ರು:
ಸರಿಯಾದ ಮಾತು. ಪೈಪೋಟಿ ಇಲ್ಲದೆಯೂ ಜನ ಮಾತಾಡ್ತಾರೆ. 2013ರಲ್ಲಿ ಎನ್‌ಆರ್‌ಕೆ 12 ಗಂಟೆ ಸೌದೆ ಬಗ್ಗೆಯೇ ತೋರಿಸಿದಾಗ, ಸೌದೆ ಒಟ್ಟುವಾಗ ತೊಗಟೆ ಮೇಲೆ ಇರಬೇಕಾ ಕೆಳಗಾ ಅಂತ ವೀಕ್ಷಕರು ವಾದಕ್ಕೇ ಬಿದ್ದರು. ನಿಮ್ಮಲ್ಲಿ ಖಾರ ಮಂಡಕ್ಕಿಗೆ ಈರುಳ್ಳಿ ಯಾವಾಗ ಹಾಕಬೇಕು ಅಂತ ಕೇಳಿ ಸಾಕು, ಬೆಳಗಾಗುತ್ತೆ! ಮೈಕ್ ಮಾತ್ರ ಬೇರೆಯದೇ ಇಡಿ, ಬಾಣಲೆ ಹತ್ತಿರ, ಆದರೆ ಬಿಸಿ ತಾಗದ ಕಡೆ. ಆ ಚಟಪಟ ಸದ್ದು ಕೇಳದಿದ್ದರೆ ಅರ್ಧ ಕಾರ್ಯಕ್ರಮವೇ ಹೋದಂತೆ.