ಪಾಲಿಶ್, ನುಣುಪು, ಮೆರುಗು, ಒಪ್ಪ: ಮರಗೆಲಸದ ಕೊನೆಯ ಹಂತದ ಪದಗಳು

ಕೈಯಿಂದ ಮಾಡಿದ ಮೇಜು, ಕುರ್ಚಿ, ಪೆಟ್ಟಿಗೆಗಳನ್ನು ಕೊನೆಯಲ್ಲಿ ಉಜ್ಜಿ ಹೊಳಪಿಸುವ ಬಗೆಯನ್ನು ಕನ್ನಡದಲ್ಲಿ ವಿವರಿಸಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಳಕೆಯ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

‘ಪಾಲಿಶ್’ ಮರಗೆಲಸದವರ ಮಾತಿನಲ್ಲಿ ಬೇರೂರಿದ ಪದ. ಅದನ್ನು ಕಿತ್ತುಹಾಕಬೇಕೆಂಬ ಹಟ ನನಗಿಲ್ಲ. ತೊಡಕೇನೆಂದರೆ, ಕಾಗದದಿಂದ ಮರವನ್ನು ಉಜ್ಜುವುದೂ ಪಾಲಿಶ್ (ಉಪ್ಪುಕಾಗದ, ಮರಳುಕಾಗದ ಎನ್ನುವ ಆ ಕಾಗದವೇ ಹಲವರ ಬಾಯಲ್ಲಿ ‘ಪಾಲಿಶ್ ಪೇಪರ್’), ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಹಚ್ಚುವುದೂ ಪಾಲಿಶ್, ಒಣಗಿದ ಲೇಪದ ಮೇಲೆ ಮೇಣ ಸವರಿ ಬಟ್ಟೆಯಿಂದ ತಿಕ್ಕುವುದೂ ಪಾಲಿಶ್. ಮೊದಲನೆಯದರಲ್ಲಿ ಮರ ಸವೆಯುತ್ತದೆ, ಎರಡನೆಯದರಲ್ಲಿ ಮರದ ಮೇಲೆ ಇನ್ನೊಂದು ವಸ್ತು ಕೂರುತ್ತದೆ, ಮೂರನೆಯದರಲ್ಲಿ ಮರಕ್ಕೆ ಕೈಯೇ ತಾಗುವುದಿಲ್ಲ. ‘ಎರಡು ಸಲ ಪಾಲಿಶ್ ಮಾಡಿ’ ಎಂದು ಬರೆದರೆ ಓದಿದವರು ಏನು ಮಾಡಬೇಕು?

ಕಳೆಯುವ ಕೆಲಸಕ್ಕೆ ನಮ್ಮಲ್ಲಿ ಕ್ರಿಯಾಪದಗಳ ಕೊರತೆಯಿಲ್ಲ. ಹತ್ತರಿಯಿಂದ (ಮರದ ಮೈಯನ್ನು ತೆಳುವಾಗಿ ಹೆರೆದು ಸಮ ಮಾಡುವ ಅಲಗಿನ ಉಪಕರಣ) ಕೀಸುತ್ತೇವೆ, ತೆಳುವಾದ ಉಕ್ಕಿನ ಪಟ್ಟಿಯ ಅಂಚಿನಿಂದ ಹೆರೆಯುತ್ತೇವೆ, ಕಾಗದದಿಂದ ಉಜ್ಜುತ್ತೇವೆ. ಇವುಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸಬಾರದೆಂಬುದು ನನ್ನ ನಿಲುವು, ಏಕೆಂದರೆ ಹರಿತವಾದ ಹತ್ತರಿ ಮರದ ಎಳೆಗಳನ್ನು ಕತ್ತರಿಸಿ ತೆಗೆಯುತ್ತದೆ, ಕಾಗದವಾದರೋ ಸಣ್ಣ ಸಣ್ಣ ಗೀರುಗಳನ್ನು ಎಳೆಯುತ್ತಲೇ ಮೇಲ್ಮೈಯನ್ನು ಸಮ ಮಾಡುತ್ತದೆ. ಆದ್ದರಿಂದಲೇ ಉಜ್ಜುವುದು ಎಳೆಗುಂಟ ಇರಬೇಕು. ಎಳೆಗೆ ಅಡ್ಡಲಾಗಿ ಉಜ್ಜಿದ ಗೀರು ಲೇಪ ಬಿದ್ದ ಮೇಲೆ ಎದ್ದು ಕಾಣುತ್ತದೆ. (‘ಗುಂಟ’ ಎಂಬ ಅಚ್ಚುಕಟ್ಟಾದ ಪದವಿರುವಾಗ ‘ಎಳೆಗಳ ದಿಕ್ಕಿಗೆ ಸಮಾನಾಂತರವಾಗಿ’ ಎಂದು ಏಕೆ ಬರೆಯುತ್ತಾರೋ ತಿಳಿಯದು.) ಕಾಗದದ ಸಂಖ್ಯೆ ಏರಿದಂತೆ ಅದರ ಹರಳು ಸಣ್ಣದಾಗುವುದರಿಂದ ‘ದೊಡ್ಡ ನಂಬರಿನ ಕಾಗದ’ ಎಂಬ ಮಾತು ಹೊಸಬರನ್ನು ದಾರಿ ತಪ್ಪಿಸುತ್ತದೆ; 80ನ್ನು ಒರಟು, 220ನ್ನು ನಯ ಎಂದು ಬಿಡಿಸಿ ಹೇಳುವುದೇ ಲೇಸು.

ಎರಡನೆಯ ತೊಡಕು ನುಣುಪು ಮತ್ತು ಹೊಳಪಿನದು. ಬರಹಗಳಲ್ಲಿ ಇವೆರಡೂ ಜೋಡಿಪದದಂತೆ ಒಟ್ಟಿಗೇ ಬರುತ್ತವೆ, ಆದರೆ ನುಣುಪು ಬೆರಳಿಗೆ ಗೊತ್ತಾಗುವಂಥದ್ದು, ಹೊಳಪು ಕಣ್ಣಿಗೆ. 220ರ ಕಾಗದದವರೆಗೆ ಉಜ್ಜಿ, ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ಒಣಗಿಸಿದ ಮರ ನುಣುಪಾಗಿರುತ್ತದೆ, ಆದರೂ ಅಷ್ಟಾಗಿ ಹೊಳೆಯುವುದಿಲ್ಲ. 80ರಲ್ಲೇ ನಿಲ್ಲಿಸಿ ಮೇಲೆ ವಾರ್ನಿಷ್ ಬಳಿದರೆ ಹೊಳೆಯುತ್ತದೆ, ಒಂದೊಂದು ಗೀರೂ ಕಾಣುತ್ತದೆ. ಹೊಳಪು ಬೇಡವೆಂದೇ ತಗ್ಗಿಸಿದ ಆ ಮೊದಲ ಬಗೆಯ ಮೇಲ್ಮೈಯನ್ನು ‘ಮಂಕು’ ಎಂದರೆ ದೋಷ ಹೇಳಿದಂತಾಗುತ್ತದೆ. ‘ತಣ್ಣನೆಯ ಹೊಳಪು’, ‘ಮಂದ ಹೊಳಪು’ ಎಂಬುವುಗಳಲ್ಲಿ ಎರಡನೆಯದು ವಾಸಿ ಎನ್ನಿಸುತ್ತದೆ. ಇದಕ್ಕಿಂತ ಒಳ್ಳೆಯದು ಬಳಕೆಯಲ್ಲಿದ್ದರೆ ತಿಳಿಸಬೇಕು.

ಹಚ್ಚುವ ವಸ್ತುವಿಗೆ ‘ಮೆರುಗೆಣ್ಣೆ’ ಎಂಬ ಪದವಿದೆ. ಎಣ್ಣೆ ಬೆರೆತ ವಾರ್ನಿಷ್‌ಗೆ ಅದು ಸರಿಹೊಂದುತ್ತದೆ, ಆದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನಲ್ಲಿ ಎಣ್ಣೆಯೇ ಇಲ್ಲದಿರುವುದರಿಂದ ಅದನ್ನು ‘ಅರಗಿನ ಲೇಪ’ ಎಂದೇ ಕರೆಯಲು ಹೊರಟಿದ್ದೇನೆ. ಬರಿಯ ‘ಮೆರುಗು’ ಈಗ ಸಭೆ ಸಮಾರಂಭಗಳ ವರದಿಗಳ ಪಾಲಾಗಿದೆ.

ಉಳಿದದ್ದು ಮೂರನೆಯ ಕೆಲಸ, ಅಂದರೆ ಒಣಗಿದ ಲೇಪವನ್ನು ತಿಕ್ಕಿ ಹೊಳಪಿಸುವುದು. ಇದಕ್ಕೆ ಹಳೆಯ ‘ಒಪ್ಪವಿಡು’ ಸರಿಯಾಗಿ ಹೊಂದುತ್ತದೆ. ‘ಒಪ್ಪ’ಕ್ಕೆ ಕಾಂತಿ, ಅಂದ ಎಂಬ ಎರಡೂ ಅರ್ಥಗಳಿವೆ, ಆದರೆ ಇಂದಿನ ಓದುಗರಿಗೆ ಅದು ‘ಒಪ್ಪ ಓರಣ’ದಲ್ಲಿ ಮಾತ್ರ ಪರಿಚಿತವಾಗಿದ್ದು, ಚೊಕ್ಕಟವಾಗಿ ಜೋಡಿಸಿಡುವುದು ಎಂಬ ಅರ್ಥವನ್ನಷ್ಟೇ ಕೊಡುತ್ತದೆ. ‘ಮೇಣ ಸವರಿ ಒಪ್ಪವಿಡಿ’ ಎಂದು ಬರೆದರೆ, ವಿವರಣೆಯಿಲ್ಲದೆ ತಿಳಿಯುವುದೇ, ಅಥವಾ ಮೊದಲ ಸಲ ‘ತಿಕ್ಕಿ ಒಪ್ಪವಿಡಿ’ ಎಂದು ಜೋಡಿಸಿ ಬಳಸಬೇಕೇ? ಲೋಹದ ಕೆಲಸದಲ್ಲಾಗಲಿ ಮರದ ಕೆಲಸದಲ್ಲಾಗಲಿ ಈ ಪದವನ್ನು ಇಂದಿಗೂ ಆಡುಮಾತಿನಲ್ಲಿ ಕೇಳಿದವರಿದ್ದರೆ, ಅವರು ಅದನ್ನು ಕೇಳಿದ ವಾಕ್ಯವನ್ನು ಇದ್ದಂತೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.