ಟೀಸಲ್ ಗಿಡ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದೇ?

ಪ್ರಶ್ನೆ:
ನಮಸ್ಕಾರ. ಇಂಗ್ಲೆಂಡಿನಲ್ಲಿ ನಮ್ಮ ಮನೆಯ ಹತ್ತಿರದ ಕಾಲುವೆಯ ದಂಡೆಯ ಮೇಲೆ ಟೀಸಲ್ ಗಿಡಗಳು ಆಳೆತ್ತರಕ್ಕೆ ಬೆಳೆದಿವೆ. ಕಾಂಡದ ತುಂಬ ಮುಳ್ಳುಗಳಿದ್ದು, ತುದಿಯಲ್ಲಿ ಮೊಟ್ಟೆಯಾಕಾರದ ತೆನೆಯ ನಡುವಿಗೆ ಉಂಗುರ ತೊಡಿಸಿದಂತೆ ನಸುನೇರಳೆ ಹೂಗಳು ಅರಳಿವೆ. ನೂರಾರು ಕಿರುಹೂಗಳು ಒತ್ತಾಗಿ ಕೂಡಿರುವುದನ್ನು ಕಂಡು ಇದು ಸೂರ್ಯಕಾಂತಿಯ ಬಳಗದ್ದೇ ಇರಬೇಕೆಂದುಕೊಂಡಿದ್ದೆ. ಆದರೆ ಹಳೆಯ ಕೈಪಿಡಿಯಲ್ಲಿ ಡಿಪ್ಸಕೇಸಿ ಎಂದೂ ಹೊಸದರಲ್ಲಿ ಕ್ಯಾಪ್ರಿಫೋಲಿಯೇಸಿ ಎಂದೂ ಇದೆ. ಯಾವುದನ್ನು ನಂಬುವುದು?

ಉತ್ತರ 1:
ಎರಡು ಪುಸ್ತಕಗಳೂ ತಮ್ಮ ತಮ್ಮ ಕಾಲಕ್ಕೆ ಸರಿಯಾಗಿಯೇ ಹೇಳಿವೆ. ಟೀಸಲ್‌ನ ಕುಲವಾದ ಡಿಪ್ಸಕಸ್‌ಗೆ ಹಿಂದೆ ಡಿಪ್ಸಕೇಸಿ ಎಂಬ ಪ್ರತ್ಯೇಕ ಕುಟುಂಬವಿತ್ತು. ಎಪಿಜಿ ಎಂಬ ಸಸ್ಯವಿಜ್ಞಾನಿಗಳ ತಂಡವು 2009ರಲ್ಲಿ ಪ್ರಕಟಿಸಿದ ಮೂರನೆಯ ವರ್ಗೀಕರಣದಲ್ಲಿ ಅದನ್ನೂ ವಲೇರಿಯನ್ ಕುಟುಂಬವನ್ನೂ ಹನಿಸಕಲ್ ಬಳ್ಳಿಯ ಕುಟುಂಬವಾದ ಕ್ಯಾಪ್ರಿಫೋಲಿಯೇಸಿಯೊಳಗೆ ಸೇರಿಸಲಾಯಿತು. ಹಾಗಾಗಿ ವಲೇರಿಯನ್ ಕುಟುಂಬದಲ್ಲಿದ್ದ ನಮ್ಮ ಗ್ರಂದಿಗೆ ಅಂಗಡಿಯ ಜಟಾಮಾಂಸಿಯೂ ಈಗ ಟೀಸಲ್‌ಗೆ ಒಂದೇ ಕುಟುಂಬದ ನೆಂಟ.

ಸೂರ್ಯಕಾಂತಿಯೊಂದಿಗಿನ ಹೋಲಿಕೆ ಮೇಲ್ನೋಟದ್ದು. ಒಂದು ಕಿರುಹೂವನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿ. ಸೂರ್ಯಕಾಂತಿಯಲ್ಲಿ ಐದು ಪರಾಗಕೋಶಗಳು ಒಂದಕ್ಕೊಂದು ಅಂಟಿ ಕೊಳವೆಯಾಗಿರುತ್ತವೆ. ಟೀಸಲ್‌ನಲ್ಲಿ ನಾಲ್ಕೇ ಕೇಸರಗಳಿದ್ದು, ಅವು ಬಿಡಿಬಿಡಿಯಾಗಿ ಹೂವಿನಿಂದ ಹೊರಚಾಚಿರುತ್ತವೆ.

ಉತ್ತರ 2:
ಕುಟುಂಬಕ್ಕಿಂತ ಪ್ರಭೇದದ ಹೆಸರೇ ಹೆಚ್ಚು ಗೊಂದಲದ್ದು ಎಂಬುದು ನನ್ನ ಅಭಿಪ್ರಾಯ. ಕಾಡು ಟೀಸಲ್‌ನ ಇಂದಿನ ಹೆಸರು ಡಿಪ್ಸಕಸ್ ಫುಲ್ಲೋನಮ್. ಬಟ್ಟೆಯನ್ನು ಹದಮಾಡುವವರಿಗೆ ಸಂಬಂಧಿಸಿದ್ದು ಎಂಬುದು ಅದರ ಲ್ಯಾಟಿನ್ ಅರ್ಥ. ಆದರೆ ಉಣ್ಣೆಬಟ್ಟೆಯ ಮೇಲಿನ ನವಿರನ್ನು ಎಬ್ಬಿಸಲು ಬಳಸುತ್ತಿದ್ದದ್ದು ಬೇಸಾಯದ ಟೀಸಲ್ ಆದ ಡಿಪ್ಸಕಸ್ ಸಟೈವಸ್‌ನ ಒಣ ತೆನೆಯನ್ನು. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಅದನ್ನು ಬೆಳೆಯಾಗಿಯೇ ಬೆಳೆಯುತ್ತಿದ್ದರು. ಹಳೆಯ ಪುಸ್ತಕಗಳು ಕಾಡುಗಿಡವನ್ನು ಸಿಲ್ವೆಸ್ಟ್ರಿಸ್ ಎಂದೂ ಬೇಸಾಯದ್ದನ್ನು ಫುಲ್ಲೋನಮ್ ಎಂದೂ ಕರೆದಿರುವುದರಿಂದ, ಹೆಸರೊಂದನ್ನೇ ನೆಚ್ಚಿಕೊಂಡರೆ ಗಿಡ ಅದಲುಬದಲಾಗುತ್ತದೆ. ಒಣಗಿದ ತೆನೆಯನ್ನು ಬೆರಳಿನಿಂದ ಸವರಿ ನೋಡುವುದೇ ವಾಸಿ: ಕಾಡಿನದರ ಮುಳ್ಳುಗಳು ನೆಟ್ಟಗೆ, ಬಾಗುವಂತಿರುತ್ತವೆ, ಬೇಸಾಯದ್ದರ ಮುಳ್ಳುಗಳು ಗಡುಸಾಗಿ, ತುದಿಯಲ್ಲಿ ಕೊಕ್ಕೆಯಂತೆ ಕೆಳಕ್ಕೆ ಬಾಗಿ ಬೆರಳನ್ನು ಹಿಡಿಯುತ್ತವೆ.

ಉತ್ತರ 3:
ದಕ್ಷಿಣ ಭಾರತದವರಿಗೂ ಈ ಕುಲ ಪೂರ್ತಿ ಹೊಸತಲ್ಲ. ನೀಲಗಿರಿಯ ಎತ್ತರದ ಹುಲ್ಲುಗಾವಲುಗಳಲ್ಲಿ ಡಿಪ್ಸಕಸ್ ಲೆಶೆನಾಲ್ಟಿ ಎಂಬ ಪ್ರಭೇದವಿದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಹೋಗಿ ಎಣಿಸಿದೆ; ಕೇಸರಗಳು ನಾಲ್ಕೇ. ಕಳೆದ ವರ್ಷದ ಒಣ ತೆನೆಯೊಂದು ಇನ್ನೂ ನಿಂತಿತ್ತು, ಅದರ ಮುಳ್ಳುಗಳು ನೆಟ್ಟಗಿವೆ, ಆದ್ದರಿಂದ ಇದು ಫುಲ್ಲೋನಮ್. ಎದುರುಬದುರಾದ ಎಲೆಗಳ ಬುಡ ಕೂಡಿಕೊಂಡು ಬಟ್ಟಲಿನಂತಾಗಿ, ಅದರಲ್ಲಿ ರಾತ್ರಿಯ ಮಳೆನೀರು ನಿಂತಿತ್ತು. ಬಾಯಾರಿಕೆ ಎಂಬ ಅರ್ಥದ ಗ್ರೀಕ್ ಪದದಿಂದ ಕುಲಕ್ಕೆ ಹೆಸರು ಬಂದದ್ದೇಕೆಂದು ಆಗ ತಿಳಿಯಿತು. ಆ ನೀರಿನಲ್ಲಿ ಎರಡು ಇರುವೆಗಳು ಸತ್ತು ತೇಲುತ್ತಿದ್ದವು.